ತೂಕ ಬಲ್ಲ ಕಲಾರಸಿಕರಿಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯ ಕಲಾರಸಿಕರೇ,

ಶಿಲ್ಪವನ್ನು ಅಳೆಯಬೇಕಾದ್ದು ಕಣ್ಣಿನಿಂದಲ್ಲ, ಕ್ರೇನಿನಿಂದ ಎಂಬ ತಮ್ಮ ಸಿದ್ಧಾಂತಕ್ಕೆ ನಾನೂ ಶರಣಾಗಿದ್ದೇನೆ. ಎತ್ತಲು ಹತ್ತು ಜನ ಬೇಕಾದರೆ ಅದು ಕಲೆ. ಒಂದೇ ಕೈಯಲ್ಲಿ ಎತ್ತಬಹುದಾದರೆ ಕರಕುಶಲ. ಒಳಗೊಂದು ಬಲ್ಬು ಉರಿಯುತ್ತಿದ್ದರಂತೂ ಎಲೆಕ್ಟ್ರಿಕಲ್ ಅಂಗಡಿಯ ಸಾಮಾನು. ಇಷ್ಟು ಸರಳವಾದ ಸಂಗತಿ ಇಸಾಮು ನೊಗುಚಿಗೆ ಹೊಳೆಯದೆ ಹೋಯಿತಲ್ಲ!

ಹೊಳೆಯಬೇಕಿತ್ತು. 1927ರಲ್ಲಿ ಪ್ಯಾರಿಸಿನಲ್ಲಿ ಶಿಲ್ಪಿ ಬ್ರಾಂಕೂಶಿಯ ಸಹಾಯಕನಾಗಿ ಕಲ್ಲಿನ ಕೆಲಸ ಕಲಿತ ಅಮೆರಿಕದ ಶಿಲ್ಪಿ ಈತ. 1951ರಲ್ಲಿ ಜಪಾನಿನ ಗಿಫು ಪಟ್ಟಣಕ್ಕೆ ಹೋದಾಗ ಅಲ್ಲಿನ ಮೇಯರು, ನಮ್ಮೂರಿನ ಕಾಗದದ ಲಾಂದ್ರದ ಕಸುಬು ಸೊರಗುತ್ತಿದೆ, ಏನಾದರೂ ದಾರಿ ತೋರಿಸಿ ಎಂದರು. ತಾವು ಮೆಚ್ಚುವಂಥ ಕಲಾವಿದನಾಗಿದ್ದರೆ ಊರ ನಡುವೆ ಲಾಂದ್ರಕ್ಕೊಂದು ಕಲ್ಲಿನ ಸ್ಮಾರಕ ನಿಲ್ಲಿಸಿ, ಹಾರ ಹಾಕಿಸಿಕೊಂಡು ಹೊರಡುತ್ತಿದ್ದ. ಈತ ಲಾಂದ್ರ ಮಾಡಲು ಕೂತ. ಮೋಂಬತ್ತಿಯ ಜಾಗಕ್ಕೆ ಬಲ್ಬು ತಂದ, 'ಅಕಾರಿ' ಎಂದು ಹೆಸರಿಟ್ಟ, ಸಾಯುವ ತನಕ ನೂರಕ್ಕೂ ಹೆಚ್ಚು ಆಕಾರಗಳನ್ನು ರೂಪಿಸಿದ.

ಇನ್ನು ಮಾಡುವ ಬಗೆ ಕೇಳಿ, ತಮಗೆ ಇನ್ನಷ್ಟು ಬೇಸರವಾದೀತು. ಮರದ ತುಂಡುಗಳನ್ನು ಜೋಡಿಸಿ ಅಚ್ಚು ನಿಲ್ಲಿಸುತ್ತಾರೆ. ಅದರ ಸುತ್ತ ಸಪೂರ ಬಿದಿರು ಕಡ್ಡಿಯನ್ನು ಸುರುಳಿಯಾಗಿ ಸುತ್ತಿ, ಮೇಲೆ ಕೋಜೊ ಗಿಡದ ತೊಗಟೆಯ ಕಾಗದವನ್ನು ಪಟ್ಟಿಪಟ್ಟಿಯಾಗಿ ಅಂಟಿಸುತ್ತಾರೆ. (ಕೋಜೊ ನಮ್ಮ ಹಿಪ್ಪುನೇರಳೆಯ ದಾಯಾದಿ. ನಮ್ಮಲ್ಲಿ ಎಲೆ ರೇಷ್ಮೆಹುಳುವಿನ ಪಾಲಾಗುತ್ತದೆ. ಅಲ್ಲಿ ತೊಗಟೆ ಕಾಗದವಾಗುತ್ತದೆ.) ಅಂಟು ಒಣಗಿದ ಮೇಲೆ ಅಚ್ಚನ್ನು ಒಳಗಿಂದಲೇ ಬಿಡಿಬಿಡಿಯಾಗಿ ಕಳಚಿ ಹೊರಗೆಳೆಯುತ್ತಾರೆ. ಕಲ್ಲುಕುಟಿಗ ಹೊರಗಿನ ಬೇಡದ್ದನ್ನು ಕೆತ್ತಿ ಎಸೆದರೆ ಇವರು ಒಳಗಿದ್ದದ್ದನ್ನೇ ಪೂರ್ತಿ ತೆಗೆದುಬಿಡುತ್ತಾರೆ! ಉಳಿಯುವುದು ಕಾಗದ, ಕಡ್ಡಿ, ಗಾಳಿ. ಮೇಲಿಂದ ಮೆಲ್ಲಗೆ ಒತ್ತಿದರೆ ಚಪ್ಪಟೆಯಾಗಿ ತೆಳ್ಳನೆಯ ಪೆಟ್ಟಿಗೆಯಲ್ಲಿ ಕೂರುತ್ತದೆ. ಮಡಚಿ ಕಳಿಸಬಹುದಾದ ಶಿಲ್ಪಕ್ಕೆ ಉದ್ಘಾಟನೆ ಯಾರು ಮಾಡಬೇಕು, ಪರದೆ ಎಲ್ಲಿಗೆ ಕಟ್ಟಬೇಕು?

ಅಷ್ಟಕ್ಕೇ ಬಿಟ್ಟನೇ? 1986ರಲ್ಲಿ, 81ರ ವಯಸ್ಸಿನಲ್ಲಿ, ವೆನಿಸ್ ಬಿನಾಲೆ ಎಂಬ ಕಲಾಮೇಳದ ಅಮೆರಿಕದ ಮಂಟಪಕ್ಕೆ ಈ ದೀಪಗಳನ್ನೇ ಹೊತ್ತು ತಂದ. ಪ್ರದರ್ಶನದ ಹೆಸರು 'ಶಿಲ್ಪವೆಂದರೇನು?' ಎಂದು. ಹೋಗಲಿ, ಅಮೃತಶಿಲೆಯೂ ಇತ್ತಲ್ಲ ಎಂದು ಸಮಾಧಾನಪಡೋಣವೆಂದರೆ ಅದನ್ನು ಜನ ಹತ್ತಿ ಜಾರುವ ಜಾರುಬಂಡೆ ಮಾಡಿಟ್ಟಿದ್ದ. ಕಲ್ಲಿಗೆ ಆಟದ ಕೆಲಸ, ಕಾಗದಕ್ಕೆ ಶಿಲ್ಪದ ಪದವಿ! ತಮ್ಮಂಥವರಿಗೆ ಆಗ ಎಷ್ಟು ನೋವಾಗಿರಬೇಡ.

ನಮ್ಮಲ್ಲಿ ಸದ್ಯ ಅಂಥ ಅಪಾಯವಿಲ್ಲ. ದೀಪಾವಳಿ ಬಂತೆಂದರೆ ಕರಾವಳಿಯಲ್ಲಿ ಬಿದಿರು ಸೀಳಿ, ಕಡ್ಡಿಗೆ ಕಡ್ಡಿ ನೂಲಿನಿಂದ ಬಿಗಿದು, ಬಣ್ಣದ ಕಾಗದಕ್ಕೆ ಮೈದಾ ಅಂಟು ಹಚ್ಚಿ ಗೂಡುದೀಪ ಕಟ್ಟುವವರಿದ್ದಾರೆ. ಒಂದು ಕಡ್ಡಿ ಗಿಡ್ಡವಾದರೆ ಇಡೀ ಗೂಡು ಸೊಟ್ಟಗಾಗುತ್ತದೆ. ಆ ಲೆಕ್ಕ ಅವರ ಬೆರಳಿಗೆ ಗೊತ್ತು. ಮಂಗಳೂರಿನಲ್ಲಿ ಇದಕ್ಕೆ ಸ್ಪರ್ಧೆಗಳೂ ನಡೆಯುತ್ತವೆ. ಆದರೆ ಗೆದ್ದವರು ಬಹುಮಾನ ಹಿಡಿದು ಮನೆಗೆ ಹೋಗುತ್ತಾರೆಯೇ ಹೊರತು ತಮ್ಮ ಗ್ಯಾಲರಿಯ ಬಾಗಿಲು ತಟ್ಟುವುದಿಲ್ಲ. ಅವರ ಸೌಜನ್ಯವನ್ನು ತಾವು ಇಷ್ಟು ವರ್ಷ ಚೆನ್ನಾಗಿ ಬಳಸಿಕೊಂಡಿದ್ದೀರಿ.

ಅನುಯಾಯಿಯ ಸಲುಗೆಯಿಂದ ಒಂದು ಕೋರಿಕೆ. ಮುಂದಿನ ಶಿಲ್ಪ ಪ್ರದರ್ಶನಕ್ಕೆ ಅರ್ಜಿ ಕರೆಯುವಾಗ 'ಮಾಧ್ಯಮ' ಎಂಬ ಕಡೆ ಕಲ್ಲು, ಕಂಚು, ಮರ ಎಂದು ಬರೆದ ಮೇಲೆ 'ಕಾಗದ' ಎಂದೂ ಸೇರಿಸಿ. ಗೂಡುದೀಪ ಕಟ್ಟುವವರ ಅರ್ಜಿಗಳನ್ನು ನಾನೇ ಭರ್ತಿ ಮಾಡಿ ಕಳಿಸುತ್ತೇನೆ.

ಇತಿ,
ತಮ್ಮ ವಿಧೇಯ