ಹೋಳಿಗೆಗೆ ಬೇರೆ ಹೊಟ್ಟೆ: ಪಂಕ್ತಿಭೋಜನದ ನರಮೀಮಾಂಸೆ

ಈಗ, ಅಂದರೆ ಹುಳಿಯನ್ನ ಮುಗಿದು ಉಡಿದಾರ ಬಿಗಿಯಾದ ಮೇಲೆ, ಹೋಳಿಗೆಯ ವಿಚಾರವನ್ನು ಎತ್ತಿಕೊಳ್ಳುತ್ತೇವೆ. ಪ್ರಮೇಯ ಇಷ್ಟೇ: ಎಲೆಯ ಮುಂದೆ ಕೂತವನು ಹೇಳುವ ‘ಸಾಕು’ ಸತ್ಯವೋ, ಲೋಕಾಚಾರವೋ?

ಪೂರ್ವಪಕ್ಷಿಗಳ ವಾದ ಹೀಗಿದೆ. ಹಸಿವಿನ ಕೀಲಿ ಮಿದುಳಿನಲ್ಲಿದೆ. 1951ರಲ್ಲಿ ನಮ್ಮ ಬಿ. ಕೆ. ಆನಂದ್ ಅವರು ಬ್ರೋಬೆಕ್ ಜೊತೆಗೂಡಿ ಇಲಿಗಳ ಹೈಪೊಥಲಾಮಸ್ಸಿನ ಪಾರ್ಶ್ವಭಾಗವನ್ನು ಕೆಡಿಸಿದಾಗ ಅವು ತಿನ್ನುವುದನ್ನೇ ಬಿಟ್ಟವು. 1994ರಲ್ಲಿ ಕೊಬ್ಬಿನಿಂದ ಹೊರಟು ‘ಸಾಕು’ ಎನ್ನುವ ಲೆಪ್ಟಿನ್ ಸಿಕ್ಕಿತು. 1999ರಲ್ಲಿ ಜಠರದಿಂದಲೇ ‘ಬೇಕು’ ಎಂದು ಅರ್ಜಿ ಗುಜರಾಯಿಸುವ ಗ್ರೆಲಿನ್. ಹಾಗಾಗಿ ಹೊಟ್ಟೆ ತುಂಬಿದರೆ ಬಾಯಿ ಮುಚ್ಚತಕ್ಕದ್ದು.

ಈ ಪಂಡಿತರು ಯಾರೂ ಮದುವೆ ಊಟಕ್ಕೆ ಬಂದವರಲ್ಲ. ಲೆಪ್ಟಿನ್ನಿನದು ಶಾನುಭೋಗರ ಖಾತೆ, ದೀರ್ಘಾವಧಿಯ ಲೆಕ್ಕ; ಒಂದು ಪಂಕ್ತಿಯ ಗಡಿಬಿಡಿಗೆ ಅದು ಲೇಖನಿ ಎತ್ತುವುದಿಲ್ಲ. ಮೇಲಾಗಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1981ರಲ್ಲೇ ತೋರಿಸಿದ್ದಾರೆ: ತಿಂದ ರುಚಿಯ ಮೇಲಿನ ಆಸೆ ತಗ್ಗುತ್ತದೆ, ತಿನ್ನದ ರುಚಿಯ ಮೇಲಿನದು ಅಷ್ಟಾಗಿ ತಗ್ಗದು. ಹುಳಿಗೆ ಸಾಕೆಂದ ನಾಲಿಗೆ ಹೋಳಿಗೆಗೆ ಸಾಕೆಂದಂತಾಗಲಿಲ್ಲ. ನಮ್ಮಜ್ಜಿ ಇದನ್ನೇ ‘ಸಿಹಿಗೆ ಬೇರೆ ಹೊಟ್ಟೆ’ ಎನ್ನುತ್ತಿದ್ದಳು; ಪ್ರಯೋಗಾಲಯವಿಲ್ಲದ ಕಾರಣ ಅಂಗರಚನೆಯಲ್ಲಿ ಮಾತ್ರ ಎಡವಿದಳು.

ನಾಲ್ಕನೇ ಹೋಳಿಗೆಯ ಪ್ರಶ್ನೆ ಇನ್ನೂ ಸೂಕ್ಷ್ಮ. ಅದನ್ನು ತಿನ್ನುವವನ ಮುಖದಲ್ಲಿ ಸುಖವಿಲ್ಲ, ಆದರೂ ಕೈ ನಿಲ್ಲದು. ಕೆಂಟ್ ಬೆರಿಡ್ಜ್ ಪ್ರಕಾರ ಬಯಕೆ ಬೇರೆ, ಮೆಚ್ಚಿಕೆ ಬೇರೆ. ಡೋಪಮಿನ್ ಕಳೆದುಕೊಂಡ ಇಲಿ ತಾನಾಗಿ ತಿನ್ನಲು ಹೋಗದು. ಬಾಯಿಗೆ ಸಕ್ಕರೆನೀರು ಬಿಟ್ಟರೆ ಮಾತ್ರ ತುಟಿ ಚಪ್ಪರಿಸುತ್ತದೆ. ನನ್ನ ಸೋದರಮಾವ ಇದಕ್ಕೆ ತದ್ವಿರುದ್ಧ ಪ್ರಾಣಿ: ಚಪ್ಪರಿಸುವುದು ನಿಂತು ಅರ್ಧ ಗಂಟೆಯಾದರೂ ತಿನ್ನುತ್ತಿರುತ್ತಾರೆ.

ಪ್ರಮಾಣ ಯಾವುದು? ಬೆರಳ ಸಂದಿ. ಎಲೆಗೆ ಅಡ್ಡ ಹಿಡಿದ ಕೈಯ ಬೆರಳು ಕೂಡಿದ್ದರೆ ‘ಸಾಕು’ ಸತ್ಯ. ಬಿಡಿಯಾಗಿದ್ದರೆ ತುಪ್ಪ ಇಳಿಯುವಷ್ಟು ಅನುಮತಿ ಉಂಟು. ಬಡಿಸುವವರು ಇದನ್ನು ಎರಡು ಮಾರು ದೂರದಿಂದಲೇ ಓದುತ್ತಾರೆ. ಎಂಆರ್‌ಐ ಯಂತ್ರಕ್ಕೆ ರೋಗಿ ಒಳಗೇ ಮಲಗಬೇಕು.

ಕೊನೆಯದಾಗಿ ನಿರೀಕ್ಷೆ. ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ನೋಡಿದರು. ಮೊದಮೊದಲು ರಸ ಬಿದ್ದಾಗ ಸಿಡಿಯುತ್ತಿದ್ದ ಡೋಪಮಿನ್ ನರಕೋಶಗಳು, ಪಾಠವಾದ ಮೇಲೆ ಸೂಚನೆ ಕಂಡೊಡನೆ ಸಿಡಿದವು. ಹೇಳಿದ ಹೊತ್ತಿಗೆ ರಸ ಬಾರದಿದ್ದರೆ ಮಂಕಾದವು. ನಮ್ಮಲ್ಲಿ ಸೂಚನೆಯೆಂದರೆ ತುಪ್ಪದ ಗಿಂಡಿಯ ಸದ್ದು. ಪ್ರಬಂಧಕಾರ ಸ್ವತಃ ಪರೀಕ್ಷೆಗೆ ಕೂತಿದ್ದ. ಸದ್ದು ಕೇಳಿತು, ಬುಟ್ಟಿ ಕಂಡಿತು, ಬೆರಳು ತಾವಾಗಿ ಬಿಡಿಯಾದವು. ಎರಡು ಎಲೆ ಇರುವಾಗ ಬುಟ್ಟಿ ಬರಿದಾಗಿ ಬಡಿಸುವವರು ಒಳಗೆ ತಿರುಗಿದರು.

ಪಕ್ಕದ ಎಲೆಯವರು ‘ಯಾಕೆ, ಹುಷಾರಿಲ್ವಾ?’ ಎಂದು ಕೇಳಿದರು. ಉತ್ತರಿಸುವಷ್ಟರಲ್ಲಿ ಮಜ್ಜಿಗೆ ಬಂತು.