ಒರಿಜಿನಲ್ ಡಿವಿಡಿಯ ಅಭಾವವಿಚಾರ

ಬಹುಜನರು ಏಕಕಾಲದಲ್ಲಿ ಅಂತರ್ಜಾಲದ ಮೂಲಕ ಕೂಡಿ ಆಡತಕ್ಕ ಆಟವೊಂದು ಲೋಕಕ್ಕೆ ಬಿಡುಗಡೆಯಾದ ದಿವಸವೇ, ಅದರ ಡಿವಿಡಿಯನ್ನು ಪೆಟ್ಟಿಗೆಸಹಿತವಾಗಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ಮೂರು ಊರುಗಳಲ್ಲಿ ಎಲ್ಲಿಯಾದರೂ ಸಂಪಾದಿಸುವುದು ಸಾಧ್ಯವೇ ಎಂಬ ಪ್ರಶ್ನೆಯನ್ನು ಪೂರ್ವಸೂರಿಗಳಾರೂ ಕೈಗೆತ್ತಿಕೊಂಡಂತೆ ತೋರುವುದಿಲ್ಲ. ಭೋಗಯೋಗಗಳೆರಡನ್ನೂ ಬಲ್ಲ ಮೂಡುಬಿದಿರೆಯ ರತ್ನಾಕರವರ್ಣಿ ಈ ವಿಷಯದಲ್ಲಿ ಮೌನಿ. 1874ರಲ್ಲಿ ಬಂಟ್ವಾಳದಲ್ಲಿ ಜನಿಸಿ ಮಕ್ಕಳ ಮನಸ್ಸನ್ನು ಅರಿತವರೆನಿಸಿದ ಪಂಜೆ ಮಂಗೇಶರಾಯರೂ ಮೌನಿಗಳೇ. ಆದಕಾರಣ ಈ ಭಾರವು ಪ್ರಕೃತ ಲೇಖಕನ ಹೆಗಲಿಗೆ ಬಂದಿದೆ.

ಪರೀಕ್ಷೆಗೆ ಆರಿಸಿಕೊಂಡ ವಸ್ತು ‘ಗ್ರ್ಯಾಂಡ್ ಥೆಫ್ಟ್ ಆಟೋ’ ಎಂಬ ಚೌರ್ಯಪುರಾಣದ ಐದನೆಯ ಖಂಡ. ಇದು ಕಂಪ್ಯೂಟರಿಗೆ ಅವತರಿಸಿದ್ದು 2015ರ ಏಪ್ರಿಲ್ 14ರಂದು, ಎಂದರೆ ತುಳುನಾಡಿನ ಮನೆಗಳಲ್ಲಿ ಬಿಸು ಹಬ್ಬದ ಕಣಿಗೆ ಸೌತೆಕಾಯಿ, ತೆಂಗಿನಕಾಯಿಗಳನ್ನು ಹೊಂದಿಸುವ ಹೊತ್ತಿನಲ್ಲಿ. ಪೆಟ್ಟಿಗೆಯೊಳಗೆ ಡಿವಿಡಿಗಳು ಏಳು. ತೂಕ ಸುಮಾರು 60 ಜೀಬಿ.

ಇಲ್ಲಿ ಪೂರ್ವಪಕ್ಷಿಯು ಎದ್ದು, ಜಾಲದಿಂದಲೇ ಇಳಿಸಿಕೊಳ್ಳಬಹುದಾದ ವಸ್ತುವಿಗಾಗಿ ಬೀದಿ ಸುತ್ತುವುದೇಕೆ ಎಂದು ಕೇಳುವನು. ಇವನು ಘಟ್ಟದ ಮೇಲಿನವನೆಂಬುದರಲ್ಲಿ ಸಂದೇಹವಿಲ್ಲ. ಆ ಕಾಲದ ಬ್ರಾಡ್‌ಬ್ಯಾಂಡು ತನ್ನ ಮಿತಿ ಮುಗಿದ ಬಳಿಕ ಸೆಕೆಂಡಿಗೆ 512 ಕಿಲೋಬಿಟ್‌ಗೆ ಇಳಿಯಿತೆಂದು ಭಾವಿಸಿದರೆ, 60 ಜೀಬಿಯನ್ನು ಎಳೆದುಕೊಳ್ಳುವುದಕ್ಕೆ ಒಂದು ಕ್ಷಣವೂ ಕಡಿಯದೆ ಸುಮಾರು 11 ಅಹೋರಾತ್ರಿಗಳು ಬೇಕು. ಕಡಿಯದೆ ಎಂಬ ವಿಶೇಷಣದಲ್ಲಿಯೇ ಸರ್ವಾನರ್ಥವೂ ಅಡಗಿದೆ. ಏಪ್ರಿಲ್ ತಿಂಗಳಿನಲ್ಲಿ ಪಶ್ಚಿಮಘಟ್ಟದ ಬುಡದ ಈ ಸೀಮೆಯ ಮೇಲೆ ಸಂಜೆಯಾದೊಡನೆ ಮೋಡ ಕವಿದು, ಮೂಡಣದಲ್ಲಿ ಒಂದು ಗುಡುಗು ಕೇಳಿಸಿತೆಂದರೆ, ಮನೆಯ ಹಿರಿಯರು ಮಾಡುವ ಮೊದಲನೆಯ ಕರ್ಮವು ಅಂಗಳದಲ್ಲಿ ಹರವಿದ ಅಡಿಕೆಯ ರಕ್ಷಣೆ. ಎರಡನೆಯದು “ಮೊಡೆಮಿನ ವಯರು ತೆಗಿ ಮಾರಾಯಾ” ಎಂಬ ಆಜ್ಞೆ. ಮೂರನೆಯ ಕರ್ಮವನ್ನು ವಿದ್ಯುತ್ ಇಲಾಖೆಯವರು ತಾವಾಗಿಯೇ ಮಾಡುತ್ತಾರೆ. ಇಂಥ ದೇಶದಲ್ಲಿ ಡಿವಿಡಿಯ ಬಯಕೆಯು ಚಾಪಲ್ಯವಲ್ಲ, ಋತುಧರ್ಮ.

ಇನ್ನು ಪ್ರಮಾಣವಿಚಾರ. ಇರುವ ವಸ್ತುವನ್ನು ಕಣ್ಣಿನಿಂದ ಅರಿಯಬಹುದು. ಇಲ್ಲದ್ದನ್ನು ಅರಿಯುವುದಕ್ಕೆ ಭಾಟ್ಟಮೀಮಾಂಸಕರು ಅನುಪಲಬ್ಧಿಯೆಂಬ ಪ್ರತ್ಯೇಕ ಪ್ರಮಾಣವನ್ನು ಅಂಗೀಕರಿಸಿದ್ದಾರೆ. ಹುಡುಕಿದಲ್ಲಿ ಕಾಣದಿರುವಿಕೆಯೇ ಅಲ್ಲಿ ಅದಿಲ್ಲವೆಂಬ ಜ್ಞಾನಕ್ಕೆ ಸಾಧನವೆಂದು ತಾತ್ಪರ್ಯ. ಈ ಪ್ರಮಾಣವನ್ನು ಜೇಬಿನಲ್ಲಿರಿಸಿಕೊಂಡು ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಬಸ್ಸಿಳಿದ ಜಿಜ್ಞಾಸುವಿಗೆ, ಕಂಡಕ್ಟರುಗಳ ಮಂತ್ರಘೋಷವನ್ನು ದಾಟಿ ಕಂಪ್ಯೂಟರ್ ಅಂಗಡಿಯನ್ನು ಹೊಕ್ಕಾಗ ದೊರೆಯುವ ಉತ್ತರವಿದು: “ಬರ್ಲಿಕ್ಕುಂಟು. ನಾಳೆ ಮಂಗಳೂರಿನ ಬಸ್ಸಿನಲ್ಲಿ ಪಾರ್ಸೆಲ್ ಹಾಕ್ತಾರೆ.” ನೈಯಾಯಿಕರು ಇದನ್ನು ಪ್ರಾಗಭಾವವೆನ್ನುವರು, ಎಂದರೆ ವಸ್ತು ಹುಟ್ಟುವುದಕ್ಕೆ ಮುಂಚಿನ ಇಲ್ಲದಿರುವಿಕೆ. ಅದಕ್ಕೆ ಆದಿಯಿಲ್ಲ, ಅಂತ್ಯವುಂಟು ಎಂಬುದು ಶಾಸ್ತ್ರ. ಬಿ.ಸಿ.ರೋಡಿನ ಪ್ರಾಗಭಾವಕ್ಕೆ ಆದಿಯಿಲ್ಲವೆಂಬುದು ದಿಟ. ಅಂತ್ಯದ ವಿಷಯದಲ್ಲಿ ತರ್ಕಸಂಗ್ರಹದ ಅನ್ನಂಭಟ್ಟನು ಅವಸರಪಟ್ಟನೇನೋ ಎಂಬ ಶಂಕೆ ಬರುತ್ತದೆ.

ಬೆಳ್ತಂಗಡಿಯದು ಅತ್ಯಂತಾಭಾವ. ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆ ಬಾರದು. ಮೊಬೈಲಿಗೆ ಪದ್ಯ, ಪಿಚ್ಚರು ತುಂಬಿಸಿಕೊಡುವ ಅಂಗಡಿಯವರು ಪ್ರಶ್ನೆಯನ್ನು ಸಹಾನುಭೂತಿಯಿಂದ ಆಲಿಸಿ, “ಒರಿಜಿನಲ್ ಎಂತಕ್ಕೆ? ಪೆನ್‌ಡ್ರೈವ್ ಕೊಡಿ, ಹಾಕಿಕೊಡುವ” ಎಂದರು. ಹೀಗೆ ಹಾಕಿಸಿಕೊಂಡ ಆಟದಲ್ಲಿ ಒಬ್ಬಂಟಿಯಾಗಿ ಕಾರು ಕದಿಯಬಹುದೇ ಹೊರತು, ಹಲವು ಜನ ಕೂಡಿ ಕದಿಯುವ ಆನ್‌ಲೈನ್ ವಿಭಾಗಕ್ಕೆ ಪ್ರವೇಶವಿಲ್ಲ. ಟಿಪ್ಪು ಸುಲ್ತಾನನು 1794ರಲ್ಲಿ ಕೋಟೆ ಕಟ್ಟಿಸಿದ ಗಡಾಯಿಕಲ್ಲನ್ನು ಬೆಳ್ತಂಗಡಿಯ ಪೇಟೆಯಲ್ಲಿ ನಿಂತು ನೋಡಿದವನು ಕೋಟೆಯನ್ನು ಹೊಕ್ಕವನಾಗುವನೇ? ಕಳ್ಳರ ಆಟವನ್ನು ಕದ್ದು ಆಡಕೂಡದೆಂಬ ಈ ನಿಯಮದಲ್ಲಿ ನಿರ್ಮಾಪಕರಿಗೆ ವಿನೋದ ಕಾಣದಿರುವುದು ಆಶ್ಚರ್ಯ.

ಪ್ರತಿಯ ಕಷ್ಟವೆಂದರೇನೆಂಬುದನ್ನು ನಿಜವಾಗಿ ಬಲ್ಲ ಊರು ಮೂಡುಬಿದಿರೆ. 1430ರ ಸಾವಿರ ಕಂಬದ ಬಸದಿಯನ್ನು ನೋಡಿ ಮರಳುವವರು ಸಮೀಪದ ಗುರುಬಸದಿಯನ್ನು ಮರೆಯುವುದುಂಟು. ಅದಕ್ಕೆ ಸಿದ್ಧಾಂತಬಸದಿಯೆಂಬ ಹೆಸರೂ ಇದೆ. ಒಂಬತ್ತನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಷಟ್ಖಂಡಾಗಮಕ್ಕೆ ರಚಿಸಿದ ಧವಲಾಟೀಕೆಯ ಪ್ರಾಚೀನ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ ಉಳಿದುಬಂದದ್ದು ಇಲ್ಲಿ. ದೂರದೂರದ ಯಾತ್ರಿಕರು ಬಂದು ಆ ಕಟ್ಟುಗಳನ್ನು ದರ್ಶಿಸಿ, ಕೈಮುಗಿದು ಹಿಂದಿರುಗುತ್ತಿದ್ದರು, ಓದುವ ಮಾತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಕಲು ಮಾಡುವ ಕಾರ್ಯ ಮೊದಲಾಗಿ ದಶಕಗಳವರೆಗೆ ನಡೆಯಿತು. ನಡುವೆ ಒಂದು ಪ್ರತಿಯು ಗುಟ್ಟಾಗಿ ಹೊರಬಿದ್ದು ಸಹಾರನಪುರವನ್ನು ಸೇರಿತು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲನೆಯ ಸಂಪುಟ ಅಚ್ಚಾದದ್ದು 1939ರಲ್ಲಿ. ಒಟ್ಟು ಸಂಪುಟಗಳು 16. ಇಷ್ಟು ಕಾಲ ತಾಳಿದ ಊರಿನ ಅಂಗಡಿಯವರು ಡಿವಿಡಿಗಾಗಿ ಉಸಿರುಗಟ್ಟಿ ಬಂದ ಹಾಸ್ಟೆಲ್ ಹುಡುಗರನ್ನು ಕಂಡು ನಗದಿದ್ದುದು ಅವರ ಸೌಜನ್ಯ.

ಓದಲಾಗದ ಗ್ರಂಥಕ್ಕೆ ದರ್ಶನಮಾತ್ರದ ಪೂಜೆಯೆಂದು ಹಗುರಾಗಿ ಆಡುವವರು ಪಾಶ್ಚಾತ್ಯರ ನಡೆಯನ್ನು ನೋಡಬೇಕು. ‘ಡಯಾಬ್ಲೊ’ದ ಮೂರನೆಯ ಖಂಡ 2012ರ ಮೇ 15ರಂದು ಹೊರಬಂದಾಗ ಡಿಸ್ಕನ್ನು ಎದೆಗೊತ್ತಿಕೊಂಡು ಮನೆಗೆ ಬಂದವರಿಗೆ ದೊರೆತದ್ದು, ಸರ್ವರುಗಳು ಬಳಲಿವೆ ಎಂಬರ್ಥದ ‘ಎರರ್ 37’ ಎಂಬ ಶಾಸನವೊಂದೇ. 2018ರಲ್ಲಿ ‘ಫಾಲ್‌ಔಟ್ 76’ರ ಕಂಪ್ಯೂಟರ್ ಪೆಟ್ಟಿಗೆಯನ್ನು ಬಿಚ್ಚಿದವರು ಒಳಗೆ ಕಂಡದ್ದು ರಟ್ಟಿನ ಬಿಲ್ಲೆ, ಅದರ ಮೇಲೊಂದು ಸಂಕೇತಾಕ್ಷರಮಾಲೆ. ಪೆಟ್ಟಿಗೆಯು ಆಟವಲ್ಲ, ಆಟವು ಪೆಟ್ಟಿಗೆಯಲ್ಲವೆಂಬ ಈ ಅನ್ಯೋನ್ಯಾಭಾವಕ್ಕೆ ಇದಕ್ಕಿಂತ ಸ್ವಚ್ಛವಾದ ದೃಷ್ಟಾಂತ ಪ್ರಾಚೀನರಿಗೆ ಲಭಿಸಿರಲಿಲ್ಲ. ಅವರು ಗಡಿಗೆ, ಬಟ್ಟೆಗಳಿಂದ ತೃಪ್ತರಾದರು. ‘ಫೋರ್ಟ್‌ನೈಟ್’ನ 2017ರ ಪೆಟ್ಟಿಗೆಗಳ ಕಥೆ ಇನ್ನೂ ವಿಚಿತ್ರ: ಅದರ ಸುಪ್ರಸಿದ್ಧವಾದ ಬ್ಯಾಟಲ್ ರಾಯಲ್ ಭಾಗವು ಯಾರಿಗೂ ಉಚಿತವಾಗಿ ಸಿಗುತ್ತಿರಲು, ಅಲ್ಪಸಂಖ್ಯೆಯಲ್ಲಿ ಅಚ್ಚಾದ ಪೆಟ್ಟಿಗೆಯನ್ನು ಸಂಗ್ರಾಹಕರು ನೂರಾರು ಡಾಲರು ತೆತ್ತು ಕೊಂಡರು.

ಮಂಗಳೂರಿಗೆ ಹೋಗಬಾರದೇ ಎಂದು ಪೂರ್ವಪಕ್ಷಿಯು ಮತ್ತೆ ಎದ್ದರೆ, ಮಂಗಳೂರು ಈ ಗ್ರಂಥದ ಅಧಿಕಾರದ ಹೊರಗೆಂದು ಹೇಳಿ ಅವನನ್ನು ಕುಳ್ಳಿರಿಸತಕ್ಕದ್ದು.

ಮೂಡುಬಿದಿರೆಯ ಅಂಗಡಿಯವರ ಉತ್ತರ “ಇತ್ತು, ಹೋಯ್ತು” ಎಂಬ ಪ್ರಧ್ವಂಸಾಭಾವದಲ್ಲಿ ತೊಡಗಿ, ಸ್ವಲ್ಪ ಪೀಡಿಸಿದಾಗ ಸ್ಯಾದ್ವಾದದತ್ತ ತಿರುಗಿತು: “ಒಂದು ಲೆಕ್ಕದಲ್ಲಿ ಉಂಟು, ಒಂದು ಲೆಕ್ಕದಲ್ಲಿ ಇಲ್ಲ.” ಒಳಗಿನಿಂದ ತಂದಿಟ್ಟದ್ದು ಯಾರೋ ಆಡಿ ಬಿಟ್ಟ ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ. ಅದರ ಕೀಲಿಸಂಖ್ಯೆಯು ಮೊದಲ ಯಜಮಾನನ ಖಾತೆಗೆ ಅಂಟಿಹೋದದ್ದು; ಆದರೂ ಡಿಸ್ಕುಗಳು ಏಳಿದ್ದುವು. ಜೈನತಾರ್ಕಿಕರ ಭಂಗಗಳೂ ಏಳೇ ಎಂಬುದನ್ನು ನೆನೆದು ಲೇಖಕನು ಪುಲಕಿತನಾಗಿ ಒಂದೊಂದನ್ನೇ ಪರೀಕ್ಷಿಸಹೊರಟಾಗ, ನಾಲ್ಕನೆಯದನ್ನು ಕಂಪ್ಯೂಟರು ಓದಲೊಲ್ಲದೆ ಉಗುಳಿತು. ಸಪ್ತಭಂಗಿಯಲ್ಲಿ ನಾಲ್ಕನೆಯ ಭಂಗವು ಅವಕ್ತವ್ಯ, ನುಡಿಗೆ ಸಿಲುಕದ್ದು. ಶಾಸ್ತ್ರವು ಹೀಗೆ ಅಕ್ಷರಶಃ ಪ್ರಮಾಣಿತವಾದ ಸಂತೋಷವನ್ನು ಲೇಖಕನು ಹಂಚಿಕೊಂಡಾಗ, ಅಂಗಡಿಯವರು ಗೀರುಬಿದ್ದ ಡಿಸ್ಕನ್ನು ಪಂಚೆಯ ತುದಿಯಿಂದ ಒರಸುತ್ತ ಹೇಳಿದರು:

“ಅದೊಂದು ನೆಟ್ಟಿನಿಂದ ಇಳಿಸಿಕೊಳ್ಳಿ ಮಾರಾಯ್ರೆ. ಗುಡುಗು ಬರುವ ಮೊದಲು ಆಗ್ತದೆ.”