ಬೇಲಿ ಕೀಳುವ ಯಜಮಾನರು

ಮೈಸೂರಿನ ಕುವೆಂಪುನಗರ, ಶಿವಮೊಗ್ಗದ ವಿನೋಬನಗರ, ದಾವಣಗೆರೆಯ ವಿದ್ಯಾನಗರ, ಹೀಗೆ ಯಾವ ಹಳೆಯ ಬಡಾವಣೆಗೆ ಹೋದರೂ ಬೀದಿಗೊಬ್ಬರಂತೆ ಈ ಯಜಮಾನರು ಸಿಕ್ಕೇ ಸಿಗುತ್ತಾರೆ. ನಿವೃತ್ತರಾದದ್ದು ಪಿಡಬ್ಲ್ಯುಡಿಯಿಂದಲೋ ಕೆಇಬಿಯಿಂದಲೋ ಬ್ಯಾಂಕಿನಿಂದಲೋ ಇರಬಹುದು, ಉಡುಪು ಮಾತ್ರ ಒಂದೇ. ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ ಲುಂಗಿ, ತೂತು ಬನಿಯನ್ನು, ಕಿವಿಯ ಮೇಲೊಂದು ಪೆನ್ಸಿಲ್ಲು. ಹಿತ್ತಲ ಶೆಡ್ಡಿನಲ್ಲಿ ಡಾಲ್ಡಾ ಡಬ್ಬಗಳ ಸಾಲು. ಒಂದೊಂದರಲ್ಲೂ ನಟ್ಟು, ಬೋಲ್ಟು, ವಾಷರು, ಬಗ್ಗಿದ ಮೊಳೆ. ಬಗ್ಗಿದ ಮೊಳೆಯನ್ನು ತಟ್ಟಿ ನೆಟ್ಟಗೆ ಮಾಡಿ ಮತ್ತೆ ಹೊಡೆಯುವುದು ಇವರ ಲೆಕ್ಕದಲ್ಲಿ ದೇಶಸೇವೆ. ಕಾರು ಮಾರಿ ಎಷ್ಟೋ ವರ್ಷವಾಗಿದ್ದರೂ ಅದರ ಜ್ಯಾಕಿಯನ್ನು ಮಾತ್ರ ಕೊಟ್ಟಿಲ್ಲ. “ಅವರಿಗ್ಯಾಕೆ ದುಡ್ಡು ಸುರೀಬೇಕು? ನಾನೇ ಮಾಡ್ತೀನಿ” ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಾರೆ. ಆ ಮಾತು ಕಿವಿಗೆ ಬಿದ್ದ ಕೂಡಲೇ ಅಡುಗೆಮನೆಯಲ್ಲಿರುವವರು ಡೆಟ್ಟಾಲ್ ಬಾಟಲಿ ಇದ್ದ ಜಾಗದಲ್ಲೇ ಇದೆಯೇ ಎಂದು ಒಮ್ಮೆ ಕಣ್ಣಾಡಿಸುತ್ತಾರೆ.

ಇಂಥ ಯಜಮಾನರ ನಿಜರೂಪ ಕಾಣಬೇಕೆಂದರೆ ಅವರ ಕೈಗೆ ಹಳೆಯ ಬೇಲಿಯೊಂದನ್ನು ಕೊಟ್ಟು ನೋಡಬೇಕು.

ಲಂಡನ್ನಿನಲ್ಲಿರುವ ಮಗ ಕಾಂಪೌಂಡ್ ಕಟ್ಟಿಸಲು ಹಣ ಕಳಿಸಿದ್ದಾನೆ. ನಲವತ್ತು-ಅರುವತ್ತರ ಸೈಟು. ಪಕ್ಕದ ಮನೆಯ ಕಡೆಗೆ ಅರುವತ್ತು ಅಡಿ ಉದ್ದಕ್ಕೆ ಮನೆ ಕಟ್ಟಿದಾಗ ಹಾಕಿಸಿದ ಬೇಲಿ: ಹತ್ತಡಿಗೊಂದರಂತೆ ಏಳು ಆಂಗ್ಲರ್ ಕಂಬ, ನಡುವೆ ಜಾಲರಿ, ತಲೆಯ ಮೇಲೆ ಮೂರೆಳೆ ಮುಳ್ಳುತಂತಿ. ಮೇಸ್ತ್ರಿ ಬಂದು ನೋಡಿ, “ಇಬ್ರು ಆಳು, ಅರ್ಧ ದಿನ. ಕಬ್ಬಿಣ ನಮಗೇ ಬಿಟ್ಬಿಟ್ರೆ ಕೂಲೀನೂ ಬೇಡಿ ಸಾರ್” ಎಂದ. ಆ ಕೊನೆಯ ಮಾತೊಂದನ್ನು ಅವನು ಆಡಬಾರದಿತ್ತು.

“ಇದು ಭದ್ರಾವತಿ ಕಬ್ಬಿಣ, ಗೊತ್ತೇನಯ್ಯಾ?” ಎಂದು ಯಜಮಾನರು ಶುರುಮಾಡಿದರು. ವಿಶ್ವೇಶ್ವರಯ್ಯನವರು ಕನಸು ಕಂಡದ್ದು, 1923ರಲ್ಲಿ ಕುಲುಮೆ ಹೊತ್ತಿದ್ದು, ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು ಎಲ್ಲವೂ ಬಂತು. ಅವರು ಹೇಳಿದ ಇತಿಹಾಸದಲ್ಲಿ ತಪ್ಪೇನಿಲ್ಲ. ಈ ಏಳು ಕಂಬ ಆ ಕಾರ್ಖಾನೆಯಿಂದಲೇ ಬಂದವು ಎಂಬುದಕ್ಕೆ ಮಾತ್ರ ಪುರಾವೆಯಿಲ್ಲ. ಫೈಲಿನಲ್ಲಿ ಜೋಪಾನವಾಗಿರುವ ಹಳೆಯ ಬಿಲ್ಲಿನಲ್ಲಿ ‘ಆಂಗ್ಲರ್, 7’ ಎಂದಷ್ಟೇ ಇದೆ. ಮೇಸ್ತ್ರಿ ಕಾಫಿ ಕುಡಿದು ಹೊರಟ. “ಬೇಲಿ ಖಾಲಿಯಾದ ಮೇಲೆ ಫೋನ್ ಮಾಡಿ ಸಾರ್” ಎನ್ನುವಾಗ ಅವನ ದನಿಯಲ್ಲಿ ಅವಸರವೇನೂ ಇರಲಿಲ್ಲ. ಇಂಥ ಯಜಮಾನರನ್ನು ಅವನು ಎಷ್ಟು ಬಡಾವಣೆಗಳಲ್ಲಿ ನೋಡಿಲ್ಲ!

ಮನೆಯಾಕೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಯಜಮಾನರು ಮೊದಲ ಕಂಬವನ್ನು ಅಲ್ಲಾಡಿಸಿ “ಕಲ್ಲಿನ ಹಾಗಿದೆ ನೋಡು” ಎಂದಾಗ, “ಮೇಲೆ ಹಾಗೇ ಇರುತ್ತೆ ರೀ. ಮಣ್ಣಿಗೆ ತಾಗೋ ಕಡೆ ನೋಡಿ” ಎಂದರು. ಕಬ್ಬಿಣದ ಕಂಬ ಸಾಮಾನ್ಯವಾಗಿ ಸೋಲುವುದು ಅಲ್ಲಿಯೇ. ಆಳದ ಮಣ್ಣಿನಲ್ಲಿ ತೇವವಿದ್ದರೂ ಗಾಳಿ ಕಡಿಮೆ, ಮೇಲೆ ಗಾಳಿಯಿದ್ದರೂ ಮಳೆ ನಿಂತರೆ ಒಣಗುತ್ತದೆ. ಎರಡೂ ಬೇಕಾದಷ್ಟು ಸಿಗುವುದು ನೆಲಮಟ್ಟದ ಒಂದೆರಡು ಇಂಚಿನಲ್ಲಿ. ಜೊತೆಗೆ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದಾದ್ದರಿಂದ ಕಂಬ ಊದಿಕೊಂಡು ಮೊದಲಿಗಿಂತ ದಪ್ಪವಾಗಿಯೇ ಕಾಣುತ್ತದೆ. ನೋಡಿದವರು ಗಟ್ಟಿಯೆಂದು ಮೋಸಹೋಗುತ್ತಾರೆ. ಯಜಮಾನರು ಸ್ಕ್ರೂಡ್ರೈವರ್ ತುದಿಯಿಂದ ಕುಟ್ಟಿದರು. ಅಂಗೈಯಗಲದ ಕಂದು ಚಕ್ಕೆಯೊಂದು ಪದರ ಪದರವಾಗಿ ಕಳಚಿ ಬಿತ್ತು. ಒಳಗೆ ಉಳಿದಿದ್ದ ಲೋಹ ಪೋಸ್ಟ್ ಕಾರ್ಡಿಗಿಂತ ತುಸು ದಪ್ಪ. “ಭದ್ರಾವತಿ” ಎಂದರು ಮನೆಯಾಕೆ, ಒಳಗೆ ಹೋಗುತ್ತಾ.

ಮೊದಲ ಭಾನುವಾರ ಬೋಲ್ಟುಗಳ ಪಾಲಾಯಿತು. ಹಬ್ಬಕ್ಕೆಂದು ಬಂದಿದ್ದ ಅಳಿಯಂದಿರು ತಿಂಡಿ ಮುಗಿಸಿ ಪೇಪರ್ ಹಿಡಿದು ಕೂತಿದ್ದರು. “ಅಳಿಯಂದ್ರೇ, ಒಂದೈದು ನಿಮಿಷ ಬನ್ನಿ, ಸುಮ್ನೆ ಹಿಡ್ಕೊಂಡ್ರೆ ಸಾಕು” ಎಂಬ ಕರೆ ಬಂತು. ಕರ್ನಾಟಕದ ಅಳಿಯಂದಿರು ಮಾವನ ಬಾಯಿಂದ ಕೇಳುವ ವಾಕ್ಯಗಳಲ್ಲಿ ಇದಕ್ಕಿಂತ ಅಪಾಯದ್ದು ಇನ್ನೊಂದಿಲ್ಲ. ಅವರು ಕಾರಿನಿಂದ ಡಬ್ಲ್ಯುಡಿ-40 ಡಬ್ಬಿ ತಂದು, ಇದನ್ನು ಹೊಡೆದು ರಾತ್ರಿಯಿಡೀ ಬಿಟ್ಟರೆ ತುಕ್ಕು ಹಿಡಿದ ನಟ್ಟು ಬೆಳಿಗ್ಗೆ ಸಲೀಸಾಗಿ ಬಿಚ್ಚುತ್ತದೆ ಎಂದರು. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ, ನಲವತ್ತನೆಯ ಪ್ರಯತ್ನಕ್ಕೆ ಹದ ಸಿಕ್ಕ ಎಣ್ಣೆ ಅದು. ಮೊದಲು ಬಳಸಿದ್ದು ಕ್ಷಿಪಣಿಯ ಮೈಗೆ ತುಕ್ಕು ಹಿಡಿಯದಂತೆ ಕಾಯಲು. ನಲವತ್ತು ಸಲ ಯತ್ನಿಸುವ ತಾಳ್ಮೆ ಅದನ್ನು ತಯಾರಿಸಿದವರಿಗಿತ್ತು. ನಮ್ಮ ಯಜಮಾನರು ಎರಡು ನಿಮಿಷ ಕಾದು, ಪಾನಾ ಹಾಕಿ, ಪಾನಾದ ಹಿಡಿಗೆ ಉದ್ದನೆಯ ಪೈಪು ತೂರಿಸಿ ಒತ್ತಿದರು. ನಟ್ಟು ತಿರುಗಲಿಲ್ಲ, ಬೋಲ್ಟಿನ ಕತ್ತು ಮುರಿಯಿತು. “ನೋಡಿದ್ರಾ, ಬಂತು!” ಎಂದರು.

ಉಳಿದ ಬೋಲ್ಟುಗಳಿಗೆ ಆಕ್ಸಾ ಬ್ಲೇಡು. ಅದರ ಹಲ್ಲು ಹಿಡಿಕೆಯಿಂದ ಆಚೆಗೆ, ಮುಂದಕ್ಕೆ ಮುಖ ಮಾಡಿರಬೇಕು. ಕೊಯ್ಯುವುದು ತಳ್ಳುವಾಗ, ಎಳೆಯುವಾಗಲ್ಲ. ಅಳಿಯಂದಿರು ತಿರುಗುಮುರುಗು ಹಾಕಿಕೊಂಡು ಹತ್ತು ನಿಮಿಷ ಬೋಲ್ಟನ್ನು ಬರೀ ನುಣ್ಣಗೆ ಮಾಡಿದರು. ಮಾವನವರು ಏನೂ ಅನ್ನಲಿಲ್ಲ, ಹಲ್ಲನ್ನು ಬೆರಳಿಂದ ಸವರಿ ತೋರಿಸಿ ಸುಮ್ಮನಾದರು. ಬೈದಿದ್ದರೆ ಅಳಿಯಂದಿರಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ನಡುವೆ ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಯ ಹುಡುಗ ಗ್ರೈಂಡರ್ ಹಿಡಿದು ಬಂದು, “ಐದು ನಿಮಿಷದಲ್ಲಿ ಕಟ್ ಮಾಡಿಕೊಡ್ತೀನಿ ಅಂಕಲ್” ಎಂದ. ಹವಾಯಿ ಚಪ್ಪಲಿ, ಕಣ್ಣಿಗೆ ಏನೂ ಇಲ್ಲ, ಚಕ್ರದ ಮೇಲಿರಬೇಕಾದ ಕವಚವನ್ನು ಬಿಚ್ಚಿ ಯಾವ ಕಾಲವಾಗಿತ್ತೋ. ಯಜಮಾನರು ಅವನನ್ನು ಗೇಟಿನಲ್ಲೇ ತಿರುಗಿಸಿ ಕಳಿಸಿದರು. ಇಲ್ಲಿ ಅವರು ಮಾಡಿದ್ದು ಸರಿ ಎಂದು ಒಪ್ಪಲೇಬೇಕು. ನಾಲ್ಕಿಂಚಿನ ಚಕ್ರ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚು ಓಡುವ ವೇಗ ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ. ಚಕ್ರ ಸಿಕ್ಕಿಕೊಂಡು ಒಡೆದರೆ ಚೂರುಗಳು ಹಾರುವುದೂ ಅದೇ ವೇಗದಲ್ಲಿ.

ಜಾಲರಿಯ ಸರದಿ ಬಂದಾಗ ಮನೆಯಾಕೆ ಷರತ್ತು ಹಾಕಿದರು: ಹಬ್ಬಿರುವ ತೊಂಡೆ ಬಳ್ಳಿಗೆ ಪೆಟ್ಟಾಗಕೂಡದು. ಯಜಮಾನರು ಬಳ್ಳಿಯಿಲ್ಲದ ಕಡೆ ಕೂತು ಜಾಲರಿಯ ಒಂದೊಂದು ಕಣ್ಣನ್ನೂ ಕಟಿಂಗ್ ಪ್ಲೇಯರಿನಿಂದ ಕತ್ತರಿಸತೊಡಗಿದರು. ಎರಡು ಸಾಲು ಮುಗಿಯುವ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ. ಆಗ ಮನೆಯಾಕೆ ಇಳಿದು ಬಂದು, ಒಂದೇ ಒಂದು ತಂತಿಯ ಮೇಲಿನ ಮತ್ತು ಕೆಳಗಿನ ತುದಿಯ ಕೊಂಡಿ ಬಿಡಿಸಿ, ತಂತಿಯನ್ನು ಬೆರಳಲ್ಲಿ ಹಿಡಿದು ತಿರುಗಿಸುತ್ತಾ ಮೇಲಕ್ಕೆ ಎಳೆದರು. ಅಂಕುಡೊಂಕಿನ ಆ ತಂತಿ ಸುರುಳಿ ಸುತ್ತುತ್ತಾ ಪೂರ್ತಿ ಹೊರಗೆ ಬಂತು. ಜಾಲರಿ ನಿಂತಲ್ಲೇ ಎರಡು ಭಾಗವಾಯಿತು. ಈ ಜಾಲರಿ ಇಡೀ ಒಂದು ಹಾಳೆಯಲ್ಲ, ಪಕ್ಕಪಕ್ಕದ ತಂತಿಗಳು ಒಂದಕ್ಕೊಂದು ಸಿಕ್ಕಿಸಿಕೊಂಡು ನಿಂತದ್ದು. “ಸ್ವೆಟರ್ ಬಿಚ್ಚಿದ್ರೆ ಗೊತ್ತಾಗಿರೋದು” ಎಂದಷ್ಟೇ ಹೇಳಿ ಅವರು ಕೈತೊಳೆಯಲು ಹೋದರು. ಸಂಜೆ ವಾಕಿಂಗ್ ಗೆಳೆಯರಿಗೆ ಯಜಮಾನರು ಈ ತಂತ್ರವನ್ನು ವಿವರಿಸಿದರು, ಕರ್ತೃವಿನ ಹೆಸರು ಬಿಟ್ಟು.

ಮುಳ್ಳುತಂತಿಗೆ ಮಾತ್ರ ಯಾರ ವಶೀಲಿಯೂ ನಡೆಯಲಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಜೋಸೆಫ್ ಗ್ಲಿಡನ್ ಎಂಬ ರೈತ 1874ರಲ್ಲಿ ಪೇಟೆಂಟ್ ಪಡೆದ ತಂತಿಯ ಗುಟ್ಟು ಬಹಳ ಸರಳ: ಮುಳ್ಳು ಜಾರದಂತೆ ಎರಡು ಎಳೆಗಳನ್ನು ಹುರಿಮಾಡಿ ನಡುವೆ ಬಿಗಿದಿಡುವುದು. ಹಾಗಾಗಿ ಒಂದು ಸಲ ಹಿಡಿದದ್ದನ್ನು ಅದು ಬಿಡುವುದಿಲ್ಲ, ಅದು ದನದ ಚರ್ಮವಾದರೂ ಅಷ್ಟೇ, ಲುಂಗಿಯಾದರೂ ಅಷ್ಟೇ. ಬಿಗಿಯಾಗಿ ಎಳೆದು ಕಟ್ಟಿದ ತಂತಿಯನ್ನು ಮಧ್ಯದಲ್ಲಿ ಕತ್ತರಿಸಬಾರದು. ತುದಿಯಲ್ಲಿ ನಿಧಾನವಾಗಿ ಸಡಿಲಿಸಿ, ಎರಡೂ ಕಡೆ ಹಿಡಿದುಕೊಂಡು ಕತ್ತರಿಸಬೇಕು. ಯಜಮಾನರು ಮಧ್ಯದಲ್ಲೇ ಕತ್ತರಿಸಿದರು. ತಂತಿ ಸೊಂಯ್ಯೆಂದು ಹಾರಿ ಒಂದು ತುದಿ ಪಪ್ಪಾಯಿ ಗಿಡಕ್ಕೆ ಸುತ್ತಿಕೊಂಡಿತು, ಇನ್ನೊಂದು ತುದಿ ಲುಂಗಿ ಹಿಡಿಯಿತು. ಅಳಿಯಂದಿರು ಆಕಾಶ ನೋಡುತ್ತಾ ನಿಂತರು.

ಮೀನಖಂಡದಲ್ಲಿ ಸಣ್ಣದಾದರೂ ಆಳದ ಗಾಯ. “ತುಕ್ಕು ತಾಗಿದೆ, ಟಿಟಿ ಹಾಕಿ” ಎಂದು ಕ್ಲಿನಿಕ್ಕಿನಲ್ಲಿ ತಾವೇ ಚೀಟಿ ಬರೆಯುವ ಧಾಟಿಯಲ್ಲಿ ಹೇಳಿದರು. ಧನುರ್ವಾಯು ತರುವುದು ತುಕ್ಕಲ್ಲ, ಮಣ್ಣಿನಲ್ಲಿ, ಸಗಣಿಯಲ್ಲಿ ಇರುವ ಬ್ಯಾಕ್ಟೀರಿಯಾ. ಗಾಳಿಯಾಡದ ಆಳದ ಗಾಯ ಅದಕ್ಕೆ ಹೇಳಿಮಾಡಿಸಿದ ಜಾಗ ಎಂದು ಡಾಕ್ಟರು ತಿಳಿಸಿದರು. ಈಗ ಟಿಟಿಯ ಬದಲು, ಡಿಫ್ತೀರಿಯಾಕ್ಕೂ ಆಗುವ ಟಿಡಿ ಕೊಡುತ್ತಾರಂತೆ. ಒಂದು ಸೂಜಿಗೆ ಎರಡು ಕಾಯಿಲೆ ಎಂದು ಕೇಳಿ ಯಜಮಾನರಿಗೆ ನೋವು ಅರ್ಧ ಇಳಿಯಿತು.

ಎರಡನೆಯ ಭಾನುವಾರ ಅಳಿಯಂದಿರಿಗೆ ಬೆಂಗಳೂರಿನಲ್ಲಿ ಏನೋ ತುರ್ತು ಕೆಲಸ. ಯಜಮಾನರು ಒಬ್ಬರೇ ಕಂಬಗಳಿಗೆ ಕೈಹಾಕಿದರು. ಮೂರು ಕಂಬ ಹೆಗಲು ಕೊಟ್ಟ ಮಾತ್ರಕ್ಕೇ ನೆಲಮಟ್ಟದಲ್ಲಿ ಮುರಿದು ಮಲಗಿದವು. ಉಳಿದ ನಾಲ್ಕರ ಬುಡದಲ್ಲಿ ಕಾಂಕ್ರೀಟಿನ ಗಡ್ಡೆ. ಉದ್ದ, ಅಗಲ, ಆಳ ಒಂದೊಂದೇ ಅಡಿ ಇದ್ದರೂ ಅಂಥ ಗಡ್ಡೆಯ ತೂಕ 65 ಕೆಜಿ ಮೀರುತ್ತದೆ. ಸುತ್ತ ಹಾರೆಯಿಂದ ಮಣ್ಣು ಬಿಡಿಸಿ, ಕಂಬಕ್ಕೆ ಅಡ್ಡಲಾಗಿ ತುಂಡು ಆಂಗ್ಲರ್ ಬಿಗಿದು, ಅದರಡಿಗೆ ಆ ಕಾರಿನ ಜ್ಯಾಕಿ ಕೊಟ್ಟು ತಿರುಗಿಸಿದರು. ಇಂಚಿಂಚೇ ಗಡ್ಡೆ ಮೇಲೆದ್ದಿತು. ಇಷ್ಟು ವರ್ಷ ಜ್ಯಾಕಿಯನ್ನು ಎಸೆಯದೆ ಇಟ್ಟುಕೊಂಡದ್ದಕ್ಕೆ ಸಮರ್ಥನೆ ಸಿಕ್ಕಿತು. ಇದರಿಂದ ಮನೆಗಾದ ನಷ್ಟ ದೊಡ್ಡದು, ಏಕೆಂದರೆ ಇನ್ನು ಆ ಶೆಡ್ಡಿನಿಂದ ಒಂದು ವಾಷರನ್ನೂ ಹೊರಗೆ ಹಾಕಿಸಲು ಸಾಧ್ಯವಿಲ್ಲ.

ಗುಂಡಿ ಕಂಡ ಕೂಡಲೇ ಪಕ್ಕದ ಮನೆಯವರು ಟೇಪ್ ಹಿಡಿದು ಬಂದರು. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. “ಬೇಲಿ ತೆಗೆದ ಮೇಲೆ ಗಡಿ ಯಾವುದು ಸ್ವಾಮಿ?” ಎಂದು ಮೆಲ್ಲಗೆ ಕೇಳಿ, 1963ರ ಲಿಮಿಟೇಷನ್ ಕಾಯ್ದೆ, ಹನ್ನೆರಡು ವರ್ಷದ ಅವಧಿ, ಪ್ರತಿಕೂಲ ಸ್ವಾಧೀನ ಎಂದೆಲ್ಲ ಪಠಿಸಿದರು. ಮೂಲೆಕಲ್ಲಿನಿಂದ ಮೂಲೆಕಲ್ಲಿಗೆ ಹುರಿ ಕಟ್ಟಿ ಇಬ್ಬರೂ ತಂತಮ್ಮ ಟೇಪಿನಲ್ಲಿ ಅಳೆದರು. ಒಂದು ಮಿಲಿಮೀಟರ್ ವ್ಯತ್ಯಾಸ! ಟೇಪಿನ ತುದಿಯ ಕೊಕ್ಕೆಯನ್ನು ಬೇಕೆಂತಲೇ ಸಡಿಲವಾಗಿ ಮಾಡಿರುತ್ತಾರೆ. ಅಂಚಿಗೆ ಸಿಕ್ಕಿಸಿ ಎಳೆದಾಗ ಹೊರಕ್ಕೆ, ಗೋಡೆಗೆ ಒತ್ತಿದಾಗ ಒಳಕ್ಕೆ, ತನ್ನ ದಪ್ಪದಷ್ಟೇ ಸರಿದು ಅಳತೆ ಸರಿಹೊಂದಿಸಲು. ನಮ್ಮ ಯಜಮಾನರು ಅದನ್ನು ದೋಷವೆಂದು ತಿಳಿದು, ಕೊಂಡ ದಿನವೇ ಸುತ್ತಿಗೆಯಿಂದ ರಿವೆಟ್ ಬಡಿದು ರಿಪೇರಿ ಮಾಡಿಟ್ಟಿದ್ದರು. ಒಂದು ಮಿಲಿಮೀಟರಿನ ಮೇಲೆ ಒಂದು ಗಂಟೆ ವಾದ ನಡೆಯಿತು. ಎರಡೂ ಮನೆಯಿಂದ ಕಾಫಿ ಬಂತು.

ಕಿತ್ತ ಮಾಲನ್ನೆಲ್ಲ ಶೆಡ್ಡಿಗೆ ಸಾಗಿಸುವಾಗ ಮನೆಯಾಕೆ ಕೇಳಿಯೇಬಿಟ್ಟರು: “ಇದನ್ನೆಲ್ಲ ಏನ್ಮಾಡ್ತೀರಿ?” ಯಜಮಾನರು ಫೋನ್ ತೆಗೆದು ಫೋಟೊ ತೋರಿಸಿದರು. ಮಗನ ಮನೆಗೆ ಹೋದಾಗ ಬೇರೆಯವರು ಬಿಗ್ ಬೆನ್ ಮುಂದೆ ನಿಂತರೆ ಇವರು ದಕ್ಷಿಣ ಲಂಡನ್ನಿನ ಪೆಕ್ಕಮ್‌ನ ಒಂದು ವಸತಿ ಸಮುಚ್ಚಯದ ಬೇಲಿಯ ಪಕ್ಕ ನಿಂತಿದ್ದಾರೆ. ಅದು ಎರಡನೇ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಹೊರಲು ಮಾಡಿಸಿದ್ದ ಉಕ್ಕಿನ ಸ್ಟ್ರೆಚರುಗಳ ಬೇಲಿ. ಊರಿನ ಕಂಬಿಬೇಲಿಗಳನ್ನೆಲ್ಲ ಯುದ್ಧಕ್ಕೆ ಕಬ್ಬಿಣ ಬೇಕೆಂದು ಕಿತ್ತೊಯ್ದಿದ್ದರು. ಯುದ್ಧ ಮುಗಿದ ಮೇಲೆ ಉಳಿದ ಸ್ಟ್ರೆಚರುಗಳನ್ನೇ ಅಡ್ಡಡ್ಡ ಬೆಸೆದು ಬೇಲಿ ಮಾಡಿದರು. ನೆಲದ ಮೇಲಿಟ್ಟಾಗ ಕಾಲಿನಂತೆ ನಿಲ್ಲಲೆಂದು ಕೊಳವೆಯನ್ನು ಬಗ್ಗಿಸಿದ ಗುರುತು ಈಗಲೂ ಕಾಣುತ್ತದೆ. “ಬುದ್ಧಿವಂತರು ಬಿಸಾಕಲ್ಲ” ಎಂದರು ಯಜಮಾನರು. “ಅವರು ಇದ್ದದ್ದರಲ್ಲಿ ಬೇಲಿ ಮಾಡಿದ್ರು. ನೀವು ಬೇಲಿ ಕಿತ್ತು ಏನು ಮಾಡ್ತೀರಿ, ಸ್ಟ್ರೆಚರ್ರಾ?” ಎಂದು ಕೇಳಿದ ಮನೆಯಾಕೆ, ಬ್ಯಾಂಡೇಜು ಸುತ್ತಿದ ಕಾಲನ್ನೊಮ್ಮೆ ನೋಡಿದರು.

ಕೊನೆಗೆ ಅವರ ಒತ್ತಾಯಕ್ಕೇ ಗುಜರಿಯವನನ್ನು ಕರೆಸಿದ್ದಾಯಿತು. ಅವನು ಆಟೋ ನಿಲ್ಲಿಸಿ ತಕ್ಕಡಿ ತೂಗುಹಾಕುವಷ್ಟರಲ್ಲಿ ಯಜಮಾನರು ಪೆನ್ಸಿಲ್ಲಿನ ಲೆಕ್ಕ ಮುಗಿಸಿದ್ದರು. ನಲವತ್ತು ಮಿಲಿಮೀಟರಿನ, ಆರು ಮಿಲಿಮೀಟರ್ ದಪ್ಪದ ಆಂಗ್ಲರ್ ಮೀಟರಿಗೆ ಮೂರೂವರೆ ಕೆಜಿ. ಆರಡಿಯ ಏಳು ಕಂಬಕ್ಕೆ ಹತ್ತಿರ ಹತ್ತಿರ 45 ಕೆಜಿ. ತಕ್ಕಡಿ 38 ಎಂದಿತು.

“ತಕ್ಕಡಿ ಸುಳ್ಳು ಹೇಳ್ತಿದೆ.”

“ತಕ್ಕಡಿ ಸರಿಯಾಗಿದೆ ಸಾರ್. ಇಷ್ಟು ವರ್ಷ ಮಳೆ ತಿಂದಿದ್ದನ್ನ ನಾನೆಲ್ಲಿಂದ ತಂದು ತೂಗ್ಲಿ?”

ವಾದ ಬೆಳೆಯುತ್ತಿದ್ದಂತೆ ಯಜಮಾನರ ಕಣ್ಣು ಆಟೋದ ಹಿಂಬದಿಗೆ ಹೋಯಿತು. ಯಾವುದೋ ಹಳೆಯ ಮನೆಯಿಂದ ಬಂದ ಕಿಟಕಿಯ ಸರಳುಗಳು, ಒಂದು ಕಡೆ ತುಸು ಬಗ್ಗಿದ ಕಬ್ಬಿಣದ ಗೇಟು. ಹತ್ತಿರ ಹೋಗಿ ಉಗುರಿನಿಂದ ಪೇಂಟು ಕೆರೆದರು. ಬೆರಳ ಗಿಣ್ಣಿನಿಂದ ತಟ್ಟಿ ಸದ್ದು ಕೇಳಿದರು. ದನಿ ತಗ್ಗಿತು. “ಇದು ಎಲ್ಲೀದಯ್ಯಾ? ಭದ್ರಾವತಿ ಇರಬೇಕು ಅಲ್ವಾ?”

ಗುಜರಿಯವನಿಗೂ ಅನುಭವವಿದೆ. “ನಿಮಗೆ ಗೊತ್ತಿಲ್ಲದ್ದು ಏನಿದೆ ಸಾರ್? ನಿಮ್ಮ ಕಂಬ ನಿಮ್ಮ ಹತ್ರಾನೇ ಇರ್ಲಿ. ಗೇಟಿಗೆ ಮಾತ್ರ ಏನಾದ್ರೂ ನೋಡಿ ಕೊಡಿ” ಎಂದ.

ಗೇಟು ಒಳಗೆ ಹೋಗಲು ಶೆಡ್ಡಿನ ಬಾಗಿಲು ಸಾಲಲಿಲ್ಲ. ಬಾಗಿಲಿನ ಚೌಕಟ್ಟು ಕೀಳಬೇಕಾಯಿತು. ಮೇಸ್ತ್ರಿಗೆ ಹೇಳೋಣವೇ ಎಂದು ಮನೆಯಾಕೆ ಕೇಳಿದ್ದಕ್ಕೆ ಯಜಮಾನರು ಲುಂಗಿ ಎತ್ತಿ ಕಟ್ಟಿಕೊಳ್ಳುತ್ತಾ, ಅಳಿಯಂದಿರು ಮುಂದಿನ ವಾರ ಬರುತ್ತಾರೋ ಇಲ್ಲವೋ ವಿಚಾರಿಸು ಎಂದರು.